ಮಂಗಳವಾರದ ಕನ್ನಡಿ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿದ್ದ ಕನ್ನಡಿ ಹೋದ ತಿಂಗಳು ಒಡೆದುಹೋಯಿತು. ಯಾರೋ ಮನೆ ಖಾಲಿ ಮಾಡುವಾಗ ಮಂಚದ ಕಾಲು ತಗುಲಿತಂತೆ. ಚೂರುಗಳನ್ನು ಗುಡಿಸಿ, ಆ ಜಾಗಕ್ಕೊಂದು ತಗಡು ಹೊಡೆದು ಹೋದರು. ಅವತ್ತಿನಿಂದ ಲಿಫ್ಟು ನಿಧಾನವಾಗಿದೆ ಎಂದು ಎಲ್ಲರದೂ ದೂರು. ಮೂರನೇ ಮಹಡಿಯ ಇಂಜಿನಿಯರು ಮೋಟಾರನ್ನೇ ಬಿಚ್ಚಿಸಿ ನೋಡಬೇಕು ಅನ್ನುತ್ತಿದ್ದಾರೆ. ಮೋಟಾರು ಪಾಪ ಏನು ಮಾಡೀತು? ಅದು ಮೊದಲೂ ಇಷ್ಟೇ ನಿಧಾನ. ಆಗ ಒಳಗೆ ನೋಡುವುದಕ್ಕೆ ನಮಗೆ ಬೇಕಾದವರೊಬ್ಬರು ಇರುತ್ತಿದ್ದರು, ಈಗಿಲ್ಲ, ಅಷ್ಟೇ ವ್ಯತ್ಯಾಸ. ಎಂಬತ್ತು ದಾಟಿದ ನಾನೇ ಕೆಳಗಿಳಿಯುವಷ್ಟರಲ್ಲಿ ಸೆರಗು ಎಳೆದುಕೊಂಡು, ಉಳಿದಿರುವ ನಾಲ್ಕು ಕೂದಲನ್ನು ಹಿಂದಕ್ಕೆ ತಳ್ಳಿಕೊಂಡು, ಯಾರೋ ಫೋಟೋ ತೆಗೆಯಲು ಬರುವವರಿದ್ದಾರೆ ಎಂಬಂತೆ ಸಿದ್ಧಳಾಗುತ್ತಿದ್ದೆ.

ಕನ್ನಡಿಯ ವಿಷಯದಲ್ಲಿ ನನಗೆ ಅನುಭವವಿದೆ ಅಂದರೆ ನೀವು ನಗಬಾರದು. ಈ ಅಪಾರ್ಟ್‌ಮೆಂಟು ನಿಂತಿರುವಲ್ಲಿಗೆ ಕೂಗಳತೆಯಲ್ಲಿ ಹಿಂದೆ ಹೊಂಗೇಪಾಳ್ಯ ಅನ್ನುವ ಊರಿತ್ತು. ಒಂದು ರೇಷ್ಮೆ ಮಿಲ್ಲು, ಅದರ ಕ್ವಾರ್ಟರ್ಸು, ಆಚೆಗೆ ರಾಗಿ ಹೊಲ, ಅವರೆ ಹೊಲ. ಈಗ ಆ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಅಷ್ಟು ಚಿಕ್ಕ ಊರು ಪೇಟೆಯಾದದ್ದು ಹೇಗೆ ಎಂದು ಕೇಳಿದರೆ ಹಳಬರು ಬಸ್ಸು ಬಂತು, ಕರೆಂಟು ಬಂತು, ಲೇಔಟು ಬಂತು ಅನ್ನುತ್ತಾರೆ. ಅವೂ ಬಂದವು, ಇಲ್ಲ ಅನ್ನುವುದಿಲ್ಲ. ಆದರೆ ಅವಕ್ಕಿಂತ ಮುಂಚೆ ಅಲ್ಲಿಗೊಂದು ಕನ್ನಡಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನನಗೆ ಲೋಕವೆಂದರೆ ಗಾಂಧಿಬಜಾರು. ಐವತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಮದುವೆಯಾಯಿತು. ನಮ್ಮ ಯಜಮಾನರು ಹೊಂಗೇಪಾಳ್ಯದ ಮಿಲ್ಲಿನಲ್ಲಿ ಗುಮಾಸ್ತರು. “ಬನಶಂಕರಿ ದೇವಸ್ಥಾನ ದಾಟಿದ್ರೆ ಆಯ್ತು ಕಣೇ, ಇಲ್ಲಿಂದ ಕೂಗಿದ್ರೆ ಕೇಳ್ಸುತ್ತೆ” ಎಂದು ನಮ್ಮಪ್ಪ ಸಮಾಧಾನ ಮಾಡಿದ್ದರು. ಯಾವ ಗಂಟಲಿನಲ್ಲಿ ಕೂಗಿದರೆ ಎಂದು ನಾನು ಕೇಳಬೇಕಿತ್ತು. ಆ ಕಾಲಕ್ಕೆ ಬನಶಂಕರಿಯೇ ಊರಾಚೆ. ಜಯನಗರದಲ್ಲಿ ರಸ್ತೆಗೆ ಕಲ್ಲು ನೆಟ್ಟಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು. ನಮ್ಮನ್ನು ಕರೆತಂದ ಜಟಕಾದವನು ಯಡಿಯೂರು ಕೆರೆ ದಾಟುತ್ತಲೇ “ಇನ್ನೂ ಮುಂದಕ್ಕಾ ಸಾಮಿ?” ಎಂದು ತಿರುಗಿ ತಿರುಗಿ ಕೇಳಲು ಶುರು ಮಾಡಿದ. ಮಿಲ್ಲಿನ ಗೇಟು ಕಂಡಾಗ ಕುದುರೆಗೂ ನನಗೂ ಒಟ್ಟಿಗೆ ನಿಟ್ಟುಸಿರು ಬಂತು.

ತವರಿನಲ್ಲಿ ಬೀರುವಿನ ಬಾಗಿಲಿಗೆ ನಿಲುವುಗನ್ನಡಿ ಇತ್ತು. ನನ್ನ ಜಡೆ ಆಗ ಮೊಣಕಾಲು ಮುಟ್ಟುತ್ತಿತ್ತು. ಅದನ್ನು ಮುಂದೆ ಹಾಕಿ ನೋಡಿ, ಹಿಂದೆ ಹಾಕಿ ನೋಡಿ, ಅಮ್ಮನಿಂದ ಬೈಸಿಕೊಂಡೇ ದೊಡ್ಡವಳಾದವಳು ನಾನು. ಗಂಡನ ಮನೆಯಲ್ಲಿ ಗೋಡೆಗೆ ಅಂಗೈಯಗಲದ ಕನ್ನಡಿಯೊಂದು ತೂಗುತ್ತಿತ್ತು, ಇವರು ಗಡ್ಡ ಹೆರೆದುಕೊಳ್ಳುವುದಕ್ಕೆ. ಇವರ ಎತ್ತರಕ್ಕೆ ಮೊಳೆ ಹೊಡೆದಿದ್ದರಿಂದ ಅದರಲ್ಲಿ ನನಗೆ ಕಾಣುತ್ತಿದ್ದದ್ದು ಬೈತಲೆ ಮಾತ್ರ. ತುದಿಗಾಲಲ್ಲಿ ನಿಂತರೆ ಹುಬ್ಬು. ಮೊಳೆ ಇಳಿಸಿ ಎಂದು ಕೇಳುವುದಕ್ಕೆ ಧೈರ್ಯವಿರಲಿಲ್ಲ. ಹೊಸ ಸೊಸೆ ಬಂದ ತಿಂಗಳಿಗೇ ಗೋಡೆ ಕೆಡಿಸಿದಳು ಎಂದಾರು ಅನ್ನುವ ಭಯ. ಅತ್ತೆ ಹಾಗೆಲ್ಲ ಅನ್ನುವವರಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ಓದಿಸಿ ಮುಂದೆ ತಂದವರು. ಮಾತು ಕಡಿಮೆ. ಆದರೆ ಅವರು ಒಂದು ಮಾತು ಆಡಿದ ಮೇಲೆ ಎದುರಿನವರಿಗೆ ಆಡಲು ಏನೂ ಉಳಿಯುತ್ತಿರಲಿಲ್ಲ.

ಊರಿಗೆಲ್ಲ ಇದ್ದದ್ದು ಶೆಟ್ಟರದೊಂದೇ ಅಂಗಡಿ. ಉಪ್ಪು, ಬೆಲ್ಲ, ಸೀಮೆಎಣ್ಣೆ, ಬೀಡಿ. ಅದರಾಚೆ ಏನು ಕೇಳಿದರೂ ಶೆಟ್ಟರು ಬೇಸರವೇ ಇಲ್ಲದೆ ಇಲ್ಲ ಅನ್ನುತ್ತಿದ್ದರು.

“ಸೋಪಿದ್ಯಾ ಶೆಟ್ರೇ?”

“ಬಟ್ಟೆಗಾದ್ರೆ ಐತೆ. ಮೈಗಾದ್ರೆ ಪ್ಯಾಟೆಗೆ ಹೋಗ್ಬೇಕು.”

ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೆಂಗಸರೇ ಹೆಚ್ಚು. ಸುತ್ತಲ ಹಳ್ಳಿಗಳಿಂದ ನಡೆದು ಬರುತ್ತಿದ್ದರು. ಶನಿವಾರ ಬಟವಾಡೆ. ವಾರದ ಕೂಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗೇಟಿನಿಂದ ಹೊರಬಂದರೆ, ಆ ಗಂಟು ಬಿಚ್ಚುವಂಥ ಒಂದು ವಸ್ತುವೂ ಊರೊಳಗೆ ಇರಲಿಲ್ಲ. ದಿನವಿಡೀ ರೇಷ್ಮೆಯಲ್ಲಿ ಕೈಯಾಡಿಸುವವರು ಕೂದಲಿಗೆ ಬಾಳೆನಾರು ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು.

ಊರಿನ ಕ್ಷೌರದವನು ಪಿಳ್ಳಪ್ಪ. ಹತಾರದ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ, ಜಗಲಿಯ ಮೇಲೆ ಕೂರಿಸಿ ಕೆಲಸ ಮಾಡಿ, ಸುಗ್ಗಿಯಲ್ಲಿ ರಾಗಿ ತೆಗೆದುಕೊಳ್ಳುತ್ತಿದ್ದ. ಮಿಲ್ಲಿಗೆ ಬಂದ ಪರವೂರ ಹುಡುಗರಿಗೆ ಜಗಲಿಯೂ ಇಲ್ಲ, ರಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ಸಿನಿಮಾದವರ ಹಾಗೆ ಕ್ರಾಪು. ಇದನ್ನು ಮೊದಲು ಗಮನಿಸಿದವಳು ಪಿಳ್ಳಪ್ಪನ ಹೆಂಡತಿ ಚಿನ್ನಮ್ಮ. ಸಣ್ಣ ಆಳು, ದೊಡ್ಡ ದನಿ. ಮಿಲ್ಲಿನ ಗೇಟಿನ ಎದುರಿಗೆ ಅವರದೊಂದು ಗುಡಿಸಲಿತ್ತು. ಆ ಜಾಗವನ್ನು ಊರಿನ ಪಟೇಲರ ತಂದೆ ಯಾವತ್ತೋ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಅಲ್ಲೇ ಸೆಲೂನು ಇಡಬೇಕು ಎಂದು ಚಿನ್ನಮ್ಮ ಹಟ ಹಿಡಿದಳು. ಇದ್ದೊಂದು ಹಸುವನ್ನು ಮಾರಿಸಿದಳು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿ ದೊರೆಗಳು ಬಿಟ್ಟುಹೋದ ಬಂಗಲೆಯೊಂದರ ಸಾಮಾನು ಹರಾಜಿಗಿದೆಯೆಂದು ಕೇಳಿ, ಗಂಡನನ್ನು ಕರೆದುಕೊಂಡು ಹೋಗಿ ಆಳೆತ್ತರದ ಕನ್ನಡಿ ತಂದಳು.

ಅದು ಬಂದ ದಿನ ನಾನು ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತಿದ್ದೆ. ಎತ್ತಿನ ಗಾಡಿಯಲ್ಲಿ ರಾಗಿ ಹುಲ್ಲು ಹರಡಿ ಕನ್ನಡಿಯನ್ನು ಅಂಗಾತ ಮಲಗಿಸಿದ್ದರು. ಪಕ್ಕದಲ್ಲಿ ಚಿನ್ನಮ್ಮ ಬಾಣಂತಿಯ ಪಕ್ಕ ಕೂತ ತಾಯಿಯ ಹಾಗೆ ಕೂತಿದ್ದಳು. ಗಾಡಿಯೊಳಗೆ ಒಂದು ತುಂಡು ಆಕಾಶ, ಅದರಲ್ಲಿ ಒಂದು ಹದ್ದು. ಇಳಿಸಿ ಗೋಡೆಗೆ ಒರಗಿಸಿದ್ದೇ ತಡ, ಮಾರಮ್ಮನಿಗೆಂದು ಬಿಟ್ಟಿದ್ದ ಹೋತ ಎಲ್ಲಿತ್ತೋ ಬಂತು. ಎದುರಿಗೆ ತನ್ನಷ್ಟೇ ಗಡ್ಡದ ಇನ್ನೊಂದು ಹೋತ! ಕೆರಳಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ತಲೆ ತಗ್ಗಿಸಿತು. ದೇವರ ಹೋತ, ಯಾರೂ ಹೊಡೆಯುವಂತಿಲ್ಲ. ಪಿಳ್ಳಪ್ಪ ಕೈಮುಗಿದು “ಬ್ಯಾಡ ತಾಯೀ, ಬ್ಯಾಡ ತಾಯೀ” ಎಂದು ಮಾರಮ್ಮನನ್ನೇ ಕೇಳಿಕೊಳ್ಳತೊಡಗಿದ. ಚಿನ್ನಮ್ಮ ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ಕನ್ನಡಿಗೆ ಅಡ್ಡ ನಿಂತಳು. ಓಡಿಬಂದ ಹೋತಕ್ಕೆ ವೈರಿಯೇ ಕಾಣೆ. ಅದು ತಬ್ಬಿಬ್ಬಾಗಿ ಅವಳ ಸೆರಗನ್ನು ಮೂಸಿ, ಗೆದ್ದವರ ಗತ್ತಿನಲ್ಲಿ ಹೊರಟುಹೋಯಿತು. 

ಸೆಲೂನು ನಡೆಯಿತು. ಮಿಲ್ಲಿನ ಹುಡುಗರು ಸಾಲಾಗಿ ಕಾದರು. ಮುನಿಸಿಕೊಂಡವರು ಪಟೇಲರೊಬ್ಬರೇ. “ನಮ್ಮ ಜಗಲೀಗೆ ಬರಬೇಕಾದೋನು ಕುರ್ಚಿ ಹಾಕ್ಕೊಂಡು ಕುಂತವ್ನೆ. ನಾನು ಅವನ ಬಾಗ್ಲಿಗೆ ಹೋಗ್ಬೇಕಾ?” ಎಂದು ಪಟ್ಟು ಹಿಡಿದರು. ಪಿಳ್ಳಪ್ಪ ವಿನಯವಾಗಿಯೇ “ಅಂಗಡಿ ಮುಚ್ಚಿ ಸಂಜೆಗೆ ಬತ್ತೀನಿ ಯಜಮಾನ್ರೇ” ಅಂದರೆ, “ದೀಪ ಹಚ್ಚಿದ ಮೇಲೆ ಕ್ಷೌರ ಮಾಡಿಸ್ಕೊಳ್ಳಕ್ಕೆ ನಾನೇನು ದೆವ್ವವಾ?” ಎಂದು ಗದರಿಸಿದರು. ಹೀಗಾಗಿ ಪಟೇಲರ ಗಡ್ಡ ಬೆಳೆಯಿತು. ಬೆಳೆದ ಗಡ್ಡ ಎದೆಗಿಳಿಯಿತು. ಅವರ ಮರ್ಯಾದೆಯೂ ಅದರ ಜೊತೆಗೇ ಬೆಳೆಯುತ್ತಿದೆ ಎಂದು ಅವರು ನಂಬಿದ್ದರು.

ಒಂದು ದಿನ ಹಿತ್ತಲಲ್ಲಿ ತಲೆ ಒಣಗಿಸುತ್ತಿದ್ದೆ. ಬೇಲಿಯ ಆಚೆಯಿಂದ ಚಿನ್ನಮ್ಮ ಅಂದಳು: “ಚಿಕ್ಕಮ್ಮಾವ್ರೇ, ಇಷ್ಟುದ್ದ ಜಡೆ ಹಿಂದೆ ಹೆಂಗೆ ಕಾಣುತ್ತೆ ಅಂತ ನೋಡ್ಕಂಡಿದ್ದೀರಾ?”

ಎಷ್ಟೋ ತಿಂಗಳಿಂದ ನನ್ನ ಹುಬ್ಬಿನ ಕೆಳಗೆ ಏನಿದೆಯೆಂದೇ ನೋಡಿಕೊಂಡಿರದ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಇಂಥ ವಿಷಯಕ್ಕೆ ಅಳುವವರುಂಟೆ? ನಾನು ಅತ್ತುಬಿಟ್ಟೆ.

“ಮಂಗಳವಾರ ಸೆಲೂನು ರಜ,” ಅಂದಳು ಚಿನ್ನಮ್ಮ ದನಿ ತಗ್ಗಿಸಿ. “ನಮ್ಮೆಜಮಾನ್ರು ಹತಾರ ಸಾಣೆ ಹಿಡ್ಸಕ್ಕೆ ಸಿದ್ದಾಪುರಕ್ಕೆ ಹೋಗ್ತಾರೆ. ಹಿಂದ್ಗಡೆ ಬಾಗ್ಲು ತೆಗೆದಿರ್ತೀನಿ, ಬನ್ನಿ.”

ಮಂಗಳವಾರ ಮಧ್ಯಾಹ್ನ ರಾಹುಕಾಲದಲ್ಲಿ ಬನಶಂಕರಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದು ಪದ್ಧತಿ. ಅತ್ತೆ ನನ್ನ ಕೈಗೆ ನಿಂಬೆಹಣ್ಣು, ಬತ್ತಿ ಕೊಟ್ಟು ಕಳಿಸುತ್ತಿದ್ದರು. ಗುಡಿಗೆ ನಾನು ಹೋಗದೆ ಇರಲಿಲ್ಲ. ಸ್ವಲ್ಪ ಬಳಸಿ ಹೋದೆ, ಅಷ್ಟೇ.

ಅಷ್ಟೊಂದು ದಿನದ ಮೇಲೆ ನನ್ನನ್ನು ನಾನು ತಲೆಯಿಂದ ಕಾಲಿನವರೆಗೆ ನೋಡಿದೆ. ಮೊದಲು ತಿಳಿದದ್ದು, ನಾನು ದಪ್ಪಗಾಗಿದ್ದೇನೆ ಎಂದು. ಎರಡನೆಯದು, ನನ್ನ ಸೀರೆ ಹಿಂದುಗಡೆ ಗೇಣುದ್ದ ಮೇಲೆ ಹೋಗಿ ಪಾದ, ಹಿಮ್ಮಡಿ, ಅದರ ಮೇಲಿನ ಭಾಗವನ್ನೆಲ್ಲ ಊರಿಗೆ ತೋರಿಸುತ್ತಿತ್ತು. ಬಸವನಗುಡಿಯ ನಾಜೂಕು ಹೆಣ್ಣೆಂದು ನಾನು ಬೀಗಿಕೊಂಡು ನಡೆದಾಡಿದ್ದ ಅಷ್ಟೂ ದಿನ ಹೊಂಗೇಪಾಳ್ಯದವರು ನನ್ನನ್ನು ಕೆಸರು ಗದ್ದೆಗೆ ಇಳಿಯಲು ಹೊರಟವಳ ಹಾಗೆ ಕಂಡಿದ್ದರು. ಯಾರೂ ಹೇಳಿರಲಿಲ್ಲ. ಬಹುಶಃ ಪೇಟೆಯ ಫ್ಯಾಶನ್ ಅಂದುಕೊಂಡಿರಬೇಕು.

ಮುಂದಿನ ಮಂಗಳವಾರಗಳಲ್ಲಿ ನಾನೊಬ್ಬಳೇ ಇರಲಿಲ್ಲ. ಬೆಳಗಿನ ಪಾಳಿ ಮುಗಿಸಿದ ಮಿಲ್ಲಿನ ಹೆಂಗಸರು ಹಿಂದಿನ ಬಾಗಿಲಿಂದ ಒಬ್ಬೊಬ್ಬರೇ ಬಂದರು. ಕೆಲವರು ಕನ್ನಡಿಯ ಮುಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ವಯಸ್ಸಾದ ಒಬ್ಬಾಕೆ ಬಹಳ ಹೊತ್ತು ಸುಮ್ಮನೆ ನಿಂತು, “ನಮ್ಮವ್ವ ಬಂದಂಗಾಯ್ತು” ಎಂದು ಹೇಳಿ ಹೋದಳು. ಒಮ್ಮೆ ನೋಡಿಕೊಂಡವರಿಗೆ ಏನೋ ಕಡಿಮೆಯಿದೆ ಅನ್ನಿಸುತ್ತಿತ್ತು. ಒಬ್ಬಳಿಗೆ ಜಡೆಗೆ ಕಟ್ಟುವ ಟೇಪು ಬೇಕು, ಇನ್ನೊಬ್ಬಳಿಗೆ ಕ್ಲಿಪ್ಪು, ಮತ್ತೊಬ್ಬಳಿಗೆ ಬಳೆ. ಚಿನ್ನಮ್ಮ ಯಾವ ಮಾತನ್ನೂ ಕೆಳಗೆ ಬೀಳಗೊಡುವವಳಲ್ಲ. ಚಿಕ್ಕಪೇಟೆಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತುಂಬ ಅವನ್ನೆಲ್ಲ ತಂದು ಕನ್ನಡಿಯ ಬುಡದಲ್ಲೇ ಹರಡಿಕೊಂಡು ಕೂತಳು. ಸೆರಗಿನ ಗಂಟುಗಳು ಬಿಚ್ಚಿಕೊಂಡವು. ರವಿಕೆ ಗೋಣಿಚೀಲದ ಹಾಗಿದೆ ಎಂಬುದು ಕನ್ನಡಿಯಲ್ಲಿ ಗೊತ್ತಾದ ಮೇಲೆ ಯಾರೋ ಒಬ್ಬ ದರ್ಜಿ ಮೆಷಿನ್ನು ಹೊತ್ತುಕೊಂಡು ಬಂದು ಹೊರಗಿನ ಹೊಂಗೆ ಮರದಡಿ ಕೂತ. ಅವನ ಪಕ್ಕ ಹೂವಿನವಳು. ಅವರಿಬ್ಬರಿಗೂ ಹಸಿವಾಗುತ್ತದಲ್ಲ, ಕಡಲೆಕಾಯಿಯವನು. ಶೆಟ್ಟರು ಎದುರು ಸಾಲಿನಿಂದ ಇದನ್ನೆಲ್ಲ ನೋಡಿ ನೋಡಿ, ಕೊನೆಗೆ ಮೈಸೋಪು ತರಿಸಿದರು.

ಇಷ್ಟು ಸಡಗರ ಗುಟ್ಟಾಗಿ ಉಳಿಯುವುದುಂಟೆ? ಒಂದು ಮಂಗಳವಾರ ನಾನು ಜಡೆ ಅರ್ಧ ಬಿಚ್ಚಿ, ಕೈಯಲ್ಲಿ ಹೊಸ ಟೇಪು ಹಿಡಿದು ನಿಂತಿದ್ದಾಗ ಹೊರಗೆ ಗಂಡುದನಿ ಗುಡುಗಿತು. ಬಾಗಿಲ ಸಂದಿಯಿಂದ ನೋಡಿದರೆ ಪಟೇಲರು. ಹಿಂದೆ ಊರಿನ ನಾಲ್ಕಾರು ಹಿರಿಯರು.

“ಏ ಚಿನ್ನೀ! ಏನ್ ನಡೀತೈತೆ ಒಳಗೆ?”

ಚಿನ್ನಮ್ಮ ಹೊರಗೆ ಹೋದಳು. “ಏನಿಲ್ಲ ಯಜಮಾನ್ರೇ, ಹೆಂಗಸ್ರು ತಲೆ ಬಾಚ್ಕತಾವ್ರೆ.”

“ತಲೆ ಬಾಚ್ಕಳಕ್ಕೆ ಮನೆ ಇಲ್ವಾ? ಗಂಡಸ್ರು ಗಡ್ಡ ಕೆರೆಸ್ಕಳೋ ಜಾಗ ಕಣಮ್ಮಿ ಇದು. ನಾಳೆ ಹೊತ್ತಾರೆಗೆ ಆ ಕನ್ನಡಿ ಇಲ್ಲಿರಬಾರ್ದು. ಇದ್ರೆ ಅಂಗಡೀನೇ ಇರಲ್ಲ. ಜಾಗ ನಮ್ದು, ಗ್ಯಾಪಕ ಇರ್ಲಿ.”

“ಹಸ ಮಾರಿ ತಂದಿದ್ದು ಯಜಮಾನ್ರೇ,” ಅಂದಳು ಚಿನ್ನಮ್ಮ. ಅವಳ ದೊಡ್ಡ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. “ಕನ್ನಡಿ ಹೋದ್ರೆ ನಮ್ಗೆ ಹಸಾನೂ ಇಲ್ಲ, ಅಂಗಡೀನೂ ಇಲ್ಲ.”

 ಪಟೇಲರ ಕಣ್ಣು ಬಾಗಿಲ ಸಂದಿಯಲ್ಲಿದ್ದ ನನ್ನ ಮೇಲೆ ಬಿದ್ದಿತ್ತು. “ಹೋಗ್ರೋ, ಕ್ವಾರ್ಟರ್ಸಿನ ದೊಡ್ಡಮ್ಮಾವ್ರನ್ನ ಕರ್ಕಂಬನ್ನಿ. ಮಡಿವಂತ್ರು. ಅವರ ಬಾಯಲ್ಲೇ ಬರ್ಲಿ ನ್ಯಾಯ.”

ಅತ್ತೆ ಬರುವ ತನಕ ನಾನು ಹೇಗೆ ನಿಂತಿದ್ದೆನೋ ನನಗೇ ಗೊತ್ತಿಲ್ಲ. ಹಿಂದಿನ ಬಾಗಿಲಿಂದ ಓಡಬಹುದಿತ್ತು. ಓಡಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಯಾವ ಅವಸರವೂ ಇಲ್ಲದೆ ಅತ್ತೆ ನಡೆದು ಬಂದರು.

“ನೋಡಿ ಅಮ್ಮಾವ್ರೇ,” ಅಂದರು ಪಟೇಲರು, “ನಿಮ್ಮಂಥ ಮನೆ ಸೊಸೆ ಇಂಥ ಜಾಗದಲ್ಲಿ. ನಿಮ್ಗೆ ಹೇಳ್ದೆ ಬಂದವ್ರೆ. ನೀವೇ ಒಂದ್ ಮಾತು ಹೇಳ್ಬುಡಿ.”

ಅತ್ತೆ ನನ್ನ ಕಡೆ ತಿರುಗಿದರು. ಅರ್ಧ ಬಿಚ್ಚಿದ ಜಡೆ ನೋಡಿದರು, ಕೈಯಲ್ಲಿದ್ದ ಟೇಪು ನೋಡಿದರು. ಆಮೇಲೆ ಚಿನ್ನಮ್ಮನನ್ನು ನೋಡಿದರು.

“ನನಗೆ ಹೇಳದೆ ಯಾಕೆ ಬರ್ತಾಳೆ? ನಾನೇ ಕಳಿಸಿದ್ದು.”

ಹಾಲಿನವಳ ಹತ್ತಿರ ಕೂಡ ಒಂದು ಸುಳ್ಳು ಆಡಿದವರಲ್ಲ ನಮ್ಮ ಅತ್ತೆ. ನನ್ನ ಕೈಯಿಂದ ಟೇಪು ಜಾರಿ ಬಿತ್ತು.

“ದೇವಸ್ಥಾನಕ್ಕೆ ಹೋಗೋರು ಒಪ್ಪವಾಗಿ ಹೋಗ್ಬೇಡ್ವೇ ಪಟೇಲ್ರೇ? ನಮ್ಮನೇಲಿ ದೊಡ್ಡ ಕನ್ನಡಿ ಇಲ್ಲ, ಇಲ್ಲಿದೆ. ಕಳಿಸ್ದೆ. ಅದಿರ್ಲಿ, ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ. ಊರಿಗೆ ಹಿರಿಯರು ನೀವು. ಹೀಗೆ ಗಡ್ಡ ಬಿಟ್ಕೊಂಡು ಓಡಾಡಿದ್ರೆ ಜನ ಏನಂದ್ಕೋತಾರೆ? ಮೊನ್ನೆ ನಾನೇ, ಪಟೇಲ್ರ ಮನೇಲಿ ಯಾರು ಹೋದ್ರಪ್ಪಾ ಅಂತ ನಮ್ಮ ಹುಡುಗನ್ನ ಕೇಳ್ದೆ.”

ಸೆಲೂನಿನ ಒಳಗಿಂದ ಕಿಸಕ್ಕೆಂದು ಒಂದು ನಗು ಕೇಳಿತು. ಪಟೇಲರ ಕಿವಿ ನೆಟ್ಟಗಾಯಿತು. ಆ ನಗು ಅವರಿಗೆ ಚೆನ್ನಾಗಿ ಪರಿಚಯವಿದ್ದಂತೆ ಕಂಡಿತು.

“ಯಾರದು ಒಳಗೆ?”

“ಇನ್ಯಾರು, ನಾನೇ,” ಎಂದು ಹೊರಗೆ ಬಂದವರು ಪಟೇಲರ ಹೆಂಡತಿ. ಎರಡೂ ಕೈಗೆ ಹೊಸ ಹಸಿರು ಬಳೆ.

“ನೀನ್ಯಾವಾಗಿಂದ ಬತ್ತಿದ್ದೀಯೇ ಇಲ್ಲಿಗೆ?”

“ನೀವು ಗಡ್ಡ ಬಿಟ್ಟಾಗಿಂದ.”

ಊರಿನ ಹಿರಿಯರು ಅಲ್ಲಲ್ಲೇ ತಿರುಗಿ ನಿಂತು ಹೊಂಗೆ ಮರದ ಕೊಂಬೆಗಳನ್ನು ಪರಿಶೀಲಿಸತೊಡಗಿದರು. ಪಟೇಲರು ಗಡ್ಡಕ್ಕೆ ಕೈ ಹಾಕಿದರು. ಅವರು ಸಿಡಿಯುತ್ತಾರೆಂದೇ ನಾವೆಲ್ಲ ಅಂದುಕೊಂಡೆವು. ಅವರ ಗಡ್ಡ ಅಲುಗಾಡಿತು, ಆಮೇಲೆ ಹೆಗಲು, ಆಮೇಲೆ ಹೊಟ್ಟೆ. ಆ ಮನುಷ್ಯ ನಗುತ್ತಿದ್ದರು!

“ನಾಳೆ ಹೊತ್ತಾರೆ ಪಿಳ್ಳಪ್ಪನ್ನ ಮನೆತಾವ ಬರಕ್ಕೇಳು” ಅಂದರು ಚಿನ್ನಮ್ಮನಿಗೆ.

ಅವಳ ದನಿ ಮರಳಿ ಬಂದಿತ್ತು. “ನಾಳೆ ಗಿರಾಕಿ ಜಾಸ್ತಿ ಯಜಮಾನ್ರೇ. ನೀವೇ ಬಂದ್ಬುಡಿ. ಮೊದಲ್ನೇ ಕುರ್ಚಿ ನಿಮ್ಗೇ.”

“ಇರೋದೇ ಒಂದು ಕುರ್ಚಿ ಅಲ್ವೇನಮ್ಮಿ?”

“ಅದೇ ಮೊದಲ್ನೇದು.”

ಅತ್ತೆ ಮನೆಗೆ ಬಂದ ಮೇಲೆ ಆ ವಿಷಯ ಎತ್ತಲೇ ಇಲ್ಲ. ನಾನು ಕಾಲಿಗೆ ಬೀಳಲು ಹೋದರೆ “ಅನ್ನಕ್ಕಿಟ್ಟೆಯೇನೇ?” ಎಂದರು. ಮರುದಿನ ಇವರು ಗಡ್ಡ ಹೆರೆದುಕೊಳ್ಳಲು ಹೋದವರು, ಬಗ್ಗಿ ನಿಂತು ಕನ್ನಡಿ ಹುಡುಕುತ್ತಿದ್ದದ್ದನ್ನು ನೋಡಿದೆ. ಗೋಡೆಯ ಮೊಳೆ ನನ್ನ ಎತ್ತರಕ್ಕೆ ಇಳಿದಿತ್ತು. ಯಾರು ಹೊಡೆದರು ಎಂದು ಇವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಪಟೇಲರು ಮಾತಿಗೆ ತಪ್ಪದೆ ಬಂದು ಕುರ್ಚಿಯಲ್ಲಿ ಕೂತರಂತೆ. ಗಡ್ಡ ಹೋದ ಮೇಲೆ ಅಲ್ಲಿಂದ ಏಳದೆ, ಕನ್ನಡಿಯಲ್ಲಿ ತಮ್ಮ ಮುಖ ಬಿಟ್ಟು ಬೆನ್ನ ಹಿಂದಿನ ರಸ್ತೆಯನ್ನೇ ನೋಡುತ್ತ ಕೂತಿದ್ದರೆಂದು ಪಿಳ್ಳಪ್ಪ ಆಮೇಲೆ ಹೇಳುತ್ತಿದ್ದ. ಮಿಲ್ಲಿಗೆ ಬರುವವರು, ಹೋಗುವವರು, ಶೆಟ್ಟರ ಅಂಗಡಿಯ ಮುಂದೆ ನಿಂತವರು, ಎಲ್ಲ ಅದರಲ್ಲಿ ಕಂಡಿದ್ದಾರೆ. ಪಟೇಲರು ಕುರ್ಚಿಯಿಂದ ಇಳಿಯುವಾಗ ಒಂದೇ ಮಾತು ಅಂದರಂತೆ: “ಇಲ್ಲಿ ಅವರೆ ಬೆಳೆಯೋದು ದಂಡ ಕಣೋ ಪಿಳ್ಳಪ್ಪಾ.” ಆ ವರ್ಷವೇ ಪಟೇಲರ ಹೊಲದ ಅಂಚಿಗೆ ಕಲ್ಲು ಬಂತು, ಗಾರೆ ಬಂತು. ಸೆಲೂನಿನ ಪಕ್ಕ ಮಂಗಳೂರು ಹೆಂಚಿನ ಮಳಿಗೆಗಳ ಸಾಲು ಎದ್ದಿತು. “ಹೆಂಗಸ್ರಿಗೆ ಬ್ಯಾರೆ ಅಂಗಡಿ ಇರ್ಲಿ” ಎಂದು ಮೊದಲನೆಯದನ್ನು ಚಿನ್ನಮ್ಮನಿಗೇ ಬಾಡಿಗೆಗೆ ಕೊಟ್ಟರು. ದರ್ಜಿ ಮರದಡಿಯಿಂದ ಎರಡನೆಯದಕ್ಕೆ ಎದ್ದುಹೋದ. ಉಡುಪಿಯ ಕಡೆಯವರೊಬ್ಬರು ಬಂದು ಹೋಟ್ಲು ಇಟ್ಟ ಮೇಲೆ, ಅಂಬಲಿ ಕುಡಿದು ಪಾಳಿಗೆ ಹೋಗುತ್ತಿದ್ದ ಊರಿಗೆ ಬೆಳಗಾದರೆ ಕಾಫಿಯ ವಾಸನೆ. ಸೈಕಲ್ ಶಾಪು, ಬಟ್ಟೆ ಅಂಗಡಿ, ಪಾತ್ರೆ ಅಂಗಡಿ ಒಂದರ ಹಿಂದೊಂದು ಬಂದವು. ಶೆಟ್ಟರು ಇಲ್ಲ ಅನ್ನುವುದನ್ನು ಬಿಟ್ಟು “ನಾಳೆ ತರಿಸ್ತೀನಿ” ಅನ್ನುವುದನ್ನು ಕಲಿತರು. ಅರವತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಜಯನಗರದ ಹೊಸ ಮನೆಗಳವರೇ ಸಂಜೆ ನಮ್ಮ ಕಡೆಗೆ ಸಾಮಾನಿಗೆ ಬರುತ್ತಿದ್ದರು. ಪಟೇಲರು ದಿನಾ ನುಣ್ಣನೆಯ ಗಲ್ಲ ಸವರಿಕೊಳ್ಳುತ್ತ ಮಳಿಗೆಗಳ ಮುಂದೆ ಅತ್ತಿಂದಿತ್ತ ಓಡಾಡಿಕೊಂಡಿದ್ದರು.

ಚಿನ್ನಮ್ಮನ ಅಂಗಡಿ ಶುರುವಾದದ್ದು ಪಟೇಲರ ಗಡ್ಡ ಹೋದ ವರ್ಷದ ಮಾರ್ಗಶಿರದಲ್ಲಿ. ಆ ದಿನ ಬೆಳಗ್ಗೆ ಬಾಗಿಲಿಗೆ ತೋರಣ ಕಟ್ಟಿ, ಹಲಗೆಗಳ ಮೇಲೆ ಸಾಮಾನು ಜೋಡಿಸುವುದಕ್ಕೆ ನಾನೂ ಕೈ ಹಾಕಿದ್ದೆ. ಮಂಜು ಇನ್ನೂ ಕರಗಿರಲಿಲ್ಲ, ಉಸಿರು ಬಿಟ್ಟರೆ ಹೊಗೆ. ಅಷ್ಟರಲ್ಲಿ ಅತ್ತೆ ಬಂದರು. ಮನೆಯಿಂದ ಗುಡಿಗಲ್ಲದೆ ಬೇರೆಲ್ಲಿಗೂ ಹೋಗದವರು. ನಮ್ಮಿಬ್ಬರ ಕೈಗಳೂ ಅಲ್ಲಲ್ಲೇ ನಿಂತವು.

ಬಳೆ, ಕುಂಕುಮ, ಹೂವು, ಎಲ್ಲವನ್ನೂ ದಾಟಿ ಅವರ ಕಣ್ಣು ಮೇಲಿನ ಹಲಗೆಗೆ ಹೋಯಿತು.

“ಅದು ಪೌಡರ್ ಡಬ್ಬೀನಾ?”

“ಹೂಂ ದೊಡ್ಡಮ್ಮಾವ್ರೇ.”

“ಒಂದು ಕೊಡು. ಬೆವರುಸಾಲೆ ಎದ್ದಿದೆ.”

ಚಿನ್ನಮ್ಮ ಮೈತುಂಬ ಶಾಲು ಹೊದ್ದಿದ್ದಳು. ಅವಳು ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಗು ತಡೆಯಲಾಗದೆ ಕೆಡುತ್ತಿದ್ದೆವು. “ಈ ಸಲ ಸೆಖೆ ಜಾಸ್ತಿ” ಎಂದು ಗಂಭೀರವಾಗಿ ಹೇಳಿ ಅವಳು ಡಬ್ಬಿಯನ್ನು ಒರೆಸಿ, ಮುಟ್ಟಬಾರದೆಂದು ಕಟ್ಟೆಯ ಮೇಲೆ ಇಡಹೋದಳು. ಅತ್ತೆ ಕೈ ಚಾಚಿದರು. ಚಿನ್ನಮ್ಮ ಒಂದು ಗಳಿಗೆ ತಡೆದು, ಡಬ್ಬಿಯನ್ನು ಆ ಅಂಗೈಯೊಳಗೇ ಇಟ್ಟಳು.

ಅವತ್ತು ಮಧ್ಯಾಹ್ನ ಊಟಕ್ಕೆ ಬಂದ ನಮ್ಮ ಯಜಮಾನರು ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು. “ಏನೇ ಇದು, ಮನೆಯೆಲ್ಲ ಮಲ್ಲಿಗೆ?”

ಒಳಗಿನಿಂದ ಅತ್ತೆ ಏನೋ ಗುನುಗುತ್ತಿದ್ದದ್ದು ನಿಂತಿತು. ನಾನು ತಟ್ಟೆ ಹಾಕುತ್ತ, “ಬನ್ನಿ, ಹುಳಿ ಆರೋಗುತ್ತೆ” ಅಂದೆ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹಾಡು ಮತ್ತೆ ಶುರುವಾಯಿತು.